ಟ್ಯಾಲಿ ಡೇಟಾ ಕ್ಲೌಡ್‌ಗೆ ಹಾಕೂ ಮುಂಚೆ ಡಿಸ್ಕ್ ಯಾವುದು ಅಂತ ಕೇಳ್ರಿ

(1/3)
ಕ್ಲೌಡ್ ಡಿಸ್ಕ್ ಹೋಲಿಸುವ ಯಾವ ವಿಡಿಯೋ ತೆಗೆದ್ರೂ ಮೊದಲ ಮಾತು ಸ್ಪೀಡ್. ಸೆಕೆಂಡಿಗೆ ಎಷ್ಟು ಸಲ ಓದಿ ಬರೀತೈತಿ, ಅಂದ್ರ ಐಒಪಿಎಸ್, ಬರೀ ಅದರದ್ದೇ ಜಪ. ನಿಪ್ಪಾಣಿಯ ತಂಬಾಕು ವ್ಯಾಪಾರಿಗಾಗಲಿ, ರಾಯಬಾಗದ ಗೊಬ್ಬರದ ಅಂಗಡಿಗಾಗಲಿ ಅದು ಮೊದಲ ಪ್ರಶ್ನೆ ಅಲ್ಲವೇ ಅಲ್ಲ ಅನ್ನೋದು ನನ್ನ ವಾದ. ಮೂರು ಮಂದಿ ಕೂತು ಟ್ಯಾಲಿಯಲ್ಲಿ ಬಿಲ್ ಹೊಡೆಯುವ ಅಂಗಡಿಗೆ ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಯಾರ ಎಸ್‌ಎಸ್‌ಡಿ ಆದ್ರೂ ಸಾಕಾಗಿ ಉಳೀತೈತಿ. ಕೇಳಬೇಕಾದ್ದು ಬೇರೆ. ನಕಲು ಎಲ್ಲೈತಿ? ಸೀಸನ್ ಇಲ್ಲದಾಗ ಬಿಲ್ ಎಷ್ಟು? ಅಕೌಂಟ್ ಯಾರ ಹೆಸರಲ್ಲೈತಿ?

ಬ್ಲಾಕ್ ಸ್ಟೋರೇಜ್ ಅಂದ್ರ ದೊಡ್ಡದೇನಲ್ಲ. ಮುಂಬೈನ ಡೇಟಾ ಸೆಂಟರ್‌ನಲ್ಲಿ ಒಂದು ಕಂಪ್ಯೂಟರ್ ಬಾಡಿಗೆಗೆ ಹಿಡೀತೀರಿ, ಅದಕ್ಕ ಬಾಡಿಗೆಗೇ ಒಂದು ಹಾರ್ಡ್ ಡಿಸ್ಕ್ ಜೋಡಿಸ್ತೀರಿ. ಟ್ಯಾಲಿಗೆ ಅದು ನಿಮ್ಮ ಡಿ ಡ್ರೈವ್ ಇದ್ದಂಗ. ಗೂಗಲ್ ಡ್ರೈವ್ ಬೇರೆ, ಇದು ಬೇರೆ. ಟ್ಯಾಲಿ ಫೋಲ್ಡರನ್ನೇ ಡ್ರೈವ್‌ಗೆ ಸಿಂಕ್ ಹಚ್ಚಿ ಕೂತವರು ಭಾಳ ಮಂದಿ ಅದಾರ. ಎಂಟ್ರಿ ನಡೆದಿರುವಾಗಲೇ ಅರ್ಧಂಬರ್ಧ ಫೈಲ್ ಮ್ಯಾಲೆ ಹೋದರ, ಆ ನಕಲು ಬೇಕಾದ ದಿನ ತೆರೆಯುತ್ತೆ ಅನ್ನೋ ಭರವಸೆ ಇಲ್ಲ. ದಯವಿಟ್ಟು ಬ್ಯಾಡ್ರಿ.

ಮತ್ತ ಅಂಗಡಿಯಲ್ಲೇ ಇಟ್ರೇನು ಅಂತೀರಾ? 2019ರ ಆಗಸ್ಟ್ ನೆನಪಿಸ್ಕೊಳ್ರಿ. ಕೃಷ್ಣಾ, ದೂಧಗಂಗಾ, ವೇದಗಂಗಾ ಒಟ್ಟಿಗೇ ಉಕ್ಕಿ ನಿಪ್ಪಾಣಿ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯೇ ಬಂದ್ ಆಗಿತ್ತು. 2021ರ ಜುಲೈನಲ್ಲಿ ಮತ್ತ ಪ್ರವಾಹ. ಅಂಗಡಿಯೊಳಗ ನೀರು ನಿಂತರ ಕಂಪ್ಯೂಟರ್ ಜೊತಿಗೆ ಕಪಾಟಿನ ಪೆನ್‌ಡ್ರೈವೂ ಹೋಗ್ತೈತಿ. ಕಿರ್ದಿ-ಖತಾವಣಿ ಎರಡೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಂಗ.

(2/3)
ಈಗ ಹೋಲಿಕೆಗೆ ಬರೋಣ. ಅಮೆಜಾನ್‌ನ ಡಿಸ್ಕಿಗೆ ಇಬಿಎಸ್ ಅಂತಾರ. 2008ರಿಂದ ಐತಿ. ಅದರಾಗ ಹಳೇದು ಜಿಪಿ2, 2020ರ ಡಿಸೆಂಬರ್‌ನಲ್ಲಿ ಬಂದದ್ದು ಜಿಪಿ3. ಜಿಪಿ2ದಲ್ಲಿ ಸ್ಪೀಡ್ ಬೇಕಂದ್ರ ಜಾಗ ಕೊಳ್ಳಬೇಕು, ಒಂದು ಜಿಬಿಗೆ 3 ಐಒಪಿಎಸ್. 100 ಜಿಬಿ ಡಿಸ್ಕಿಗೆ 300 ಮಾತ್ರ ಖಾಯಂ, ಉಳಿದದ್ದು ಕೂಡಿಟ್ಟ ಕ್ರೆಡಿಟ್ ಮುಗಿಯೋ ತನಕ. ಜಿಪಿ3ದಲ್ಲಿ ಡಿಸ್ಕ್ ಎಷ್ಟೇ ಸಣ್ಣದಿರಲಿ 3000 ಬಂದೇ ಬರ್ತೈತಿ, ಜಿಬಿ ದರವೂ ಜಿಪಿ2ಕ್ಕಿಂತ 20% ಕಡಿಮೆ. ಆದ್ರೂ ನಿಮ್ಮ ವೆಂಡರ್ ಇನ್ನೂ ಜಿಪಿ2 ಮೇಲೇ ಕೂಡಿಸಿದ್ರ ಯಾಕ ಅಂತ ಕೇಳ್ರಿ.

ಮೈಕ್ರೋಸಾಫ್ಟ್ ಅಝೂರ್‌ನ ಪ್ರೀಮಿಯಂ ಎಸ್‌ಎಸ್‌ಡಿ ಸ್ಲ್ಯಾಬ್ ಲೆಕ್ಕ. 128 ಜಿಬಿ ಆದಮೇಲೆ ಮುಂದಿನ ಮೆಟ್ಟಿಲು 256. 130 ಕೇಳಿದ್ರೂ 256ರ ಬಿಲ್ಲೇ. ಅಗ್ಗದ ಸ್ಟ್ಯಾಂಡರ್ಡ್ ಡಿಸ್ಕ್ ತಗೊಂಡ್ರ ಓದು-ಬರಹದ ಎಣಿಕೆಗೂ ದುಡ್ಡು ಹತ್ತೈತಿ. ಪ್ರೀಮಿಯಂ ವಿ2 ಈ ಸ್ಲ್ಯಾಬ್ ಕಾಟ ತಪ್ಪಿಸ್ತೈತಿ, ಖರೆ ವಿಂಡೋಸ್ ಕೂಡುವ ಡಿಸ್ಕಿಗೆ ಅದು ನಡೆಯಲ್ಲ, ಡೇಟಾ ಡಿಸ್ಕಿಗಷ್ಟೇ. ಅಝೂರ್‌ನ ಒಂದು ಸೆಂಟರ್ ಪುಣೆಯಲ್ಲೈತಿ. ನಮಗ ಹತ್ತಿರ ಅಂತ ಖುಷಿ ಪಡಬ್ಯಾಡ್ರಿ, ಡೇಟಾ ಎಸ್‌ಟಿ ಬಸ್ಸಿನಾಗ ಹೋಗೂದಿಲ್ಲ.

ಗೂಗಲ್‌ನಲ್ಲಿ ನನಗೆ ಹಿಡಿಸಿದ್ದು ರೀಜನಲ್ ಡಿಸ್ಕ್. ಒಂದೇ ಊರಿನ ಎರಡು ಬೇರೆ ಝೋನ್‌ನಲ್ಲಿ ಏಕಕಾಲಕ್ಕೆ ಬರೀತೈತಿ. ದರವೂ ಹೆಚ್ಚುಕಡಿಮೆ ದುಪ್ಪಟ್ಟು. ಅಝೂರ್ ಕೂಡ ಕೆಲವು ರೀಜನ್‌ಗಳಲ್ಲಿ ಇಂಥದ್ದು ಕೊಡ್ತೈತಿ. ಇಬಿಎಸ್ ಡಿಸ್ಕ್ ಮಾತ್ರ ಒಂದೇ ಝೋನ್‌ನಲ್ಲಿ ಇರ್ತೈತಿ.

ಇಲ್ಲೇ ಮಂದಿ ಎಡವೋದು. ಎರಡು ಝೋನ್ ಅಂದ್ರ ಬ್ಯಾಕಪ್ ಅಲ್ಲ. ಸಂಜೆ ನಾಲ್ಕಕ್ಕೆ ಯಾರೋ ಇಡೀ ಕಂಪನಿ ಡಿಲೀಟ್ ಮಾಡಿದ್ರ ಎರಡೂ ಕಡೆ ನಾಲ್ಕಕ್ಕೇ ಅಳಿಸಿ ಹೋಗ್ತೈತಿ. ಉಳಿಸೋದು ಸ್ನ್ಯಾಪ್‌ಶಾಟ್, ಅಂದ್ರ ಆ ಹೊತ್ತಿನ ಡಿಸ್ಕಿನ ಪಡಿಯಚ್ಚು. ಮೂರೂ ಕಂಪನಿಗಳಲ್ಲಿ ಅದು ಐತಿ, ಬೇರೆ ಊರಿಗೂ ಕಳಿಸಬಹುದು: ಅಮೆಜಾನ್‌ನಲ್ಲಿ ಮುಂಬೈಯಿಂದ ಹೈದರಾಬಾದಿಗೆ, ಅಝೂರ್‌ನಲ್ಲಿ ಪುಣೆಯಿಂದ ಚೆನ್ನೈಗೆ, ಗೂಗಲ್‌ನಲ್ಲಿ ಮುಂಬೈಯಿಂದ ದಿಲ್ಲಿಗೆ. ಡಬಲ್ ಝೋನ್‌ಗೆ ಹಾಕೋ ದುಡ್ಡನ್ನ ನಾನಾದ್ರ ಇದಕ್ಕ ಹಾಕ್ತೀನಿ.

(3/3)
ಬಿಲ್ ವಿಷಯ. ಕಂಪ್ಯೂಟರ್ ಬಂದ್ ಇಟ್ರೂ ಡಿಸ್ಕಿನ ಬಾಡಿಗೆ ನಿಲ್ಲೂದಿಲ್ಲ. ಹೆಸ್ಕಾಂ ಬಿಲ್‌ನ ಫಿಕ್ಸೆಡ್ ಚಾರ್ಜ್ ಇದ್ದಂಗ, ಲೈಟ್ ಹಚ್ಚಿದ್ರೂ ಅಷ್ಟ, ಹಚ್ಚದಿದ್ರೂ ಅಷ್ಟ. ಅದೂ ತುಂಬಿದ ಜಾಗಕ್ಕಲ್ಲ, ಹಿಡಿದ ಜಾಗಕ್ಕ. ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳಿಗೆ ಇದು ಬರೀ ಪುಸ್ತಕದ ಮಾತಲ್ಲ. ಕಬ್ಬು ನುರಿಸುವ ಕೆಲವು ತಿಂಗಳು ಕಾಟಾ ಮುಂದೆ ಹಗಲು-ರಾತ್ರಿ ಟ್ರ್ಯಾಕ್ಟರ್ ಸಾಲು, ಪ್ರತಿ ಗಾಡಿಗೂ ವಜನ್ ಚೀಟಿ, ಪ್ರತಿ ಚೀಟಿಗೂ ರೈತನ ಖಾತೆ. ಸೀಸನ್ ಮುಗಿದಮೇಲೆ ಸುಮ್ಮನೆ. ಇಂಥ ಕಡೆ ಮಾತ್ರ ಸ್ಪೀಡ್ ಲೆಕ್ಕಕ್ಕೆ ಬರ್ತೈತಿ, ಮತ್ತ ಅಲ್ಲಿ ಜಿಪಿ3 ಒಳ್ಳೇದು. ಸೀಸನ್‌ಗೆ ಐಒಪಿಎಸ್ ಏರಿಸಿ ಆಮೇಲೆ ಇಳಿಸಬಹುದು. ಜಾಗ ಮಾತ್ರ ಹಿಗ್ಗಿಸಲು ಬರ್ತೈತಿ, ಕುಗ್ಗಿಸಲು ಬರೂದಿಲ್ಲ, ಮೂವರದ್ದೂ ಇದೇ ಕತಿ. ಅದಕ್ಕ ‘ಇರ್ಲಿ ಬಿಡು, 1 ಟಿಬಿ’ ಅನ್ನೋ ಧಾರಾಳತನ ಬ್ಯಾಡ.

ನಮ್ಮ ಬಿಕಾಂ ಸಿಲೆಬಸ್‌ಗೆ ತಾಗುವ ಒಂದು ಮಾತು. 2022ರ ಆಗಸ್ಟ್ ತಿದ್ದುಪಡಿ ಪ್ರಕಾರ ಕಂಪನಿಗಳು ಎಲೆಕ್ಟ್ರಾನಿಕ್ ಲೆಕ್ಕಪುಸ್ತಕದ ಬ್ಯಾಕಪ್ಪನ್ನು ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕು. ಕಾಗವಾಡ ತಾಲೂಕಿನ ಉಗಾರ ಶುಗರ್ ಕಂಪನಿ, ಅದಕ್ಕ ಈ ನಿಯಮ ಅನ್ವಯ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಕಾರ್ಖಾನೆ, ಅದರ ಕಾನೂನು ಬೇರೆ. ಅಂಗಡಿಕಾರರಿಗೂ ಈ ನಿಯಮ ಇಲ್ಲ, ಆದ್ರ ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಕಾಪಾಡಲೇಬೇಕು. ಆರು ವರ್ಷದಲ್ಲಿ ಎಷ್ಟು ವೆಂಡರ್ ಬಂದು ಹೋಗ್ತಾರ ಯೋಚಿಸ್ರಿ. ‘ಟ್ಯಾಲಿ ಆನ್ ಕ್ಲೌಡ್’ ಮಾರುವವರು ಡಿಸ್ಕನ್ನು ತಮ್ಮ ಹೆಸರಲ್ಲೇ ತೆಗೆದಿದ್ರ, ಅವರು ಫೋನ್ ಎತ್ತದ ದಿನ ನಿಮ್ಮ ಪುಸ್ತಕ ನಿಮ್ಮದಲ್ಲ. ಅಕೌಂಟ್ ನಿಮ್ಮ ಹೆಸರಲ್ಲಿ, ಕೆಲಸ ಮಾಡೋ ಅಧಿಕಾರ ಅವರಿಗೆ, ಹಿಂಗ ಇರ್ಬೇಕು. ಇದಕ್ಕ ಒಪ್ಪದವರ ದರ ಎಷ್ಟೇ ಕಡಿಮೆ ಇರ್ಲಿ, ನಾನು ಬ್ಯಾಡ ಅಂತೀನಿ.

ಒಬ್ಬರೇ ಕೂತು ಬಿಲ್ ಮಾಡುವ ಅಥಣಿಯ ಕಿರಾಣಿ ಅಂಗಡಿಗೆ ಇದ್ಯಾವುದೂ ಬ್ಯಾಡ. ರಾತ್ರಿ ಟ್ಯಾಲಿ ಬಂದ್ ಮಾಡಿ ಬ್ಯಾಕಪ್ ಫೈಲ್ ತೆಗೆದು ಅದನ್ನಷ್ಟೇ ಡ್ರೈವ್‌ಗೆ ಹಾಕ್ರಿ, ವಾರಕ್ಕೊಂದು ನಕಲು ಬೇರೆ ಊರಿನ ಅಳಿಯನ ಮನಿಗೆ ಹೋಗ್ಲಿ.

ಈಗಾಗಲೇ ಕ್ಲೌಡ್‌ನಲ್ಲಿ ಇರುವವರು ಈ ವಾರ ಒಂದು ಕೆಲಸ ಮಾಡ್ರಿ. ಹೋದ ತಿಂಗಳ ಸ್ನ್ಯಾಪ್‌ಶಾಟ್‌ನಿಂದ ಹೊಸ ಡಿಸ್ಕ್ ತೆಗೆಸಿ, ಟ್ಯಾಲಿ ತೆರೆದು, ಟ್ರಯಲ್ ಬ್ಯಾಲೆನ್ಸ್ ಕೂಡ್ತೈತಾ ನೋಡ್ರಿ. ನಿಮ್ಮ ವೆಂಡರ್ ಏನಂದ್ರು ಕಾಮೆಂಟ್‌ನಾಗ ಹಾಕ್ರಿ, ಹೆಸರು ಬ್ಯಾಡ.

#ಚಿಕ್ಕೋಡಿ #ನಿಪ್ಪಾಣಿ #ಬಿಕಾಂ_ಮಾತು