ಸ್ಥಿತಿಕರಣಕ್ಕೊಂದು ಕೋಣೆ ಕೊಡಿ

ಮದ್ಯತ್ಯಾಗವು ಶ್ರಾವಕನ ಅಷ್ಟ ಮೂಲಗುಣಗಳಲ್ಲಿ ಸೇರಿದೆ. ಮದ್ಯಪಾನವು ಸಪ್ತವ್ಯಸನಗಳಲ್ಲಿ ಒಂದು. ಇದನ್ನು ಪಾಠಶಾಲೆಯ ಬಾಲಕನೂ ಬಲ್ಲನು. ಆದರೆ ಈ ಅರಿವಿನಿಂದಲೇ ನಮ್ಮಲ್ಲಿ ಒಂದು ಅಪಾಯಕರ ತರ್ಕ ಹುಟ್ಟಿಕೊಂಡಿದೆ: ಜೈನನು ಕುಡಿಯುವುದಿಲ್ಲ; ಆದ್ದರಿಂದ ಕುಡಿಯುವ ಜೈನನೇ ಇಲ್ಲ; ಆದ್ದರಿಂದ ಅವನಿಗಾಗಿ ಏನನ್ನೂ ಮಾಡಬೇಕಾಗಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಸಮಾಜ ಬಾಂಧವರು ಈ ತರ್ಕವನ್ನು ಎದೆಯ ಮೇಲೆ ಕೈಯಿಟ್ಟು ಒಪ್ಪಬಲ್ಲರೇ?

ಕೇಳಿದರೆ ‘ಇದು ಉಪಗೂಹನ’ ಎನ್ನುತ್ತಾರೆ. ಧರ್ಮಬಾಂಧವನ ದೋಷವನ್ನು ಮುಚ್ಚುವುದು ಸಮ್ಯಗ್ದರ್ಶನದ ಅಂಗವೇ ಹೌದು. ಅದಕ್ಕೆ ದೃಷ್ಟಾಂತನಾದ ಜಿನೇಂದ್ರಭಕ್ತನೂ ನಮ್ಮಂತೆ ಶ್ರೇಷ್ಠಿಯೇ. ಬ್ರಹ್ಮಚಾರಿಯ ವೇಷದ ಕಳ್ಳನು ಚೈತ್ಯಾಲಯದ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ ‘ನಾನೇ ತರಹೇಳಿದ್ದೆ’ ಎಂದು ಅವನ ಮಾನ ಕಾಯ್ದನು. ಬಳಿಕ ಏಕಾಂತದಲ್ಲಿ ತಿದ್ದಿದನು. ನಾವು ಮೊದಲರ್ಧವನ್ನು ಮಾತ್ರ ಆಚರಿಸುತ್ತೇವೆ. ಮುಚ್ಚುತ್ತೇವೆ, ತಿದ್ದುವುದಿಲ್ಲ. ಉಪಗೂಹನದ ಮರುಹೆಜ್ಜೆಯೇ ಸ್ಥಿತಿಕರಣ, ಜಾರುತ್ತಿರುವವನನ್ನು ಮತ್ತೆ ನೆಲೆಗೊಳಿಸುವುದು. ಮನಸ್ಸು ಸಂಸಾರದತ್ತ ಜಾರಿದ ಜೊತೆಗಾರ ಮುನಿಯನ್ನು ವಾರಿಷೇಣ ಮುನಿಯು ಹೊರದೂಡಲಿಲ್ಲ, ಜೊತೆಯಲ್ಲೇ ನಡೆದು ನಿಲ್ಲಿಸಿದನು.

ಈ ಎರಡು ಅಂಗಗಳನ್ನೂ ಒಟ್ಟಿಗೆ ಆಚರಿಸುವ ಸಭೆಯೊಂದು ಲೋಕದಲ್ಲಿದೆ. 1935ರಲ್ಲಿ ಅಮೆರಿಕದ ಅಕ್ರಾನ್ ನಗರದಲ್ಲಿ ಒಬ್ಬ ಷೇರು ವ್ಯವಹಾರಿ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿತದಿಂದ ನೊಂದವರು, ಪರಸ್ಪರ ಮಾತನಾಡುತ್ತ ಕುಡಿತದಿಂದ ದೂರ ಉಳಿದರು. ಅದೇ ಆಲ್ಕೋಹಾಲಿಕ್ಸ್ ಅನಾನಿಮಸ್. ಕುಡಿತ ಬಿಡುವ ಬಯಕೆಯೊಂದೇ ಅದರ ಸದಸ್ಯತ್ವದ ಅರ್ಹತೆ. ಶುಲ್ಕವಿಲ್ಲ. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯಬೇಕು, ಇದು ಉಪಗೂಹನ. ಬಿಟ್ಟವನು ಬಿಡಲೆತ್ನಿಸುವವನ ಕೈ ಹಿಡಿಯಬೇಕು, ಇದು ಸ್ಥಿತಿಕರಣ. ತನ್ನ ದೋಷಗಳ ಪಟ್ಟಿ ಮಾಡಿ ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವ ಅದರ ಹೆಜ್ಜೆಯು ಆಲೋಚನಾ, ಪ್ರತಿಕ್ರಮಣಗಳನ್ನು ಬಲ್ಲ ನಮಗೆ ಹೊಸದೇ?

‘ಅಲ್ಲಿ ದೇವರಿಗೆ ಶರಣಾಗೆನ್ನುತ್ತಾರೆ, ಸೃಷ್ಟಿಕರ್ತನನ್ನು ಒಪ್ಪದ ನಾವು ಹೇಗೆ ಹೋಗುವುದು?’ ಎಂಬ ಆಕ್ಷೇಪವುಂಟು. ಆ ಹೆಜ್ಜೆಗಳು ಹೇಳುವುದು ಅವರವರು ಅರಿತಂತಹ ದೇವರನ್ನು. ಪಂಚಪರಮೇಷ್ಠಿಗಳ ಸ್ಮರಣೆಗೆ ಯಾರೂ ಅಡ್ಡಬರುವುದಿಲ್ಲ. ಈ ಸಿದ್ಧಾಂತಚರ್ಚೆ ಬಾಟಲಿಯ ಮುಂದೆ ಎಂದೂ ಹುಟ್ಟದೆ ಸಭೆಯ ಬಾಗಿಲಲ್ಲಿ ಮಾತ್ರ ಹುಟ್ಟುವುದು ವಿಚಿತ್ರ.

ಇನ್ನು, ಯೋಗ್ಯವಾದ ಸಭೆ ಯಾವುದು? ಎಲ್ಲ ಸಭೆಗಳೂ ಒಂದೇ ಬಗೆಯವಲ್ಲ. ‘ಮುಕ್ತ’ ಸಭೆಗೆ ಮನೆಯವರೂ ಬರಬಹುದು. ‘ಮುಚ್ಚಿದ’ ಸಭೆ ವ್ಯಸನಿಗಳಿಗೆ ಮಾತ್ರ. ಹೆಂಡತಿ, ತಾಯಂದಿರಿಗಾಗಿ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ. ತನ್ನ ನೋವನ್ನು ತನ್ನ ಭಾಷೆಯಲ್ಲಿ ಹೇಳಲಾಗದ ಸಭೆ ನಿಷ್ಫಲ. ನಮ್ಮ ಗಡಿಸೀಮೆಯಲ್ಲಿ ಕೆಲವರಿಗೆ ಕನ್ನಡ, ಕೆಲವರಿಗೆ ಮರಾಠಿ, ಕೆಲವರಿಗೆ ಹಿಂದಿ ಹತ್ತಿರ. ಒಂದು ಸಭೆ ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಬೇಕು. ಒಂದೇ ಸಲ ಹೋಗಿ ‘ಪ್ರಯೋಜನವಿಲ್ಲ’ ಎನ್ನುವುದು ಒಂದು ದಿನದ ವ್ಯಾಪಾರದಿಂದ ವರ್ಷದ ಲೆಕ್ಕ ಮುಗಿಸಿದಂತೆ. ಬಹುಕಾಲ ಕುಡಿದವನು ಥಟ್ಟನೆ ಬಿಟ್ಟರೆ ನಡುಕ, ಸೆಳವು, ಬುದ್ಧಿಭ್ರಮಣೆಗಳುಂಟಾಗಿ ಪ್ರಾಣಕ್ಕೇ ಕುತ್ತಾಗಬಹುದು. ಆದ್ದರಿಂದ ವೈದ್ಯರು ಮೊದಲು, ಸಭೆ ಅದರ ಜೊತೆಗೆ. ದಾರಿ ತಿಳಿಯದವರಿಗೆ 14446 ವ್ಯಸನಮುಕ್ತಿ ಸಹಾಯವಾಣಿಯೂ, 2022ರಲ್ಲಿ ಆರಂಭವಾದ ಟೆಲಿಮಾನಸ್ 14416 ಕೂಡ ಇವೆ.

ಆಳಂದ, ಜೇವರ್ಗಿಗಳಿಂದ ಕಲಬುರಗಿ ಸುಮಾರು 40 ಕಿಲೋಮೀಟರ್. ಅಫಜಲಪುರದಿಂದ ಇನ್ನೂ ದೂರ. ಸಂಜೆಯ ಸಭೆ ಮುಗಿಸಿ ಕೊನೆಯ ಬಸ್ಸು ಹಿಡಿಯಬೇಕಾದವನು ಎಷ್ಟು ವಾರ ಹೋದಾನು? ಸಭೆಯು ಊರಿನಲ್ಲಿಯೇ ನಡೆಯಬೇಕು, ಅದಕ್ಕೆ ಸ್ಥಳ ಬೇಕು. ಸ್ಥಳವಿರುವುದು ನಮ್ಮ ಟ್ರಸ್ಟುಗಳ ಬಳಿ. ವರ್ಷದ ಬಹುದಿನ ಬೀಗ ಹಾಕಿರುವ ಸಭಾಭವನಗಳು ಯಾರಿಗಾಗಿ?

ಬಸದಿಯ ಪಾವಿತ್ರ್ಯ ಕೆಡುವುದೆಂಬ ಭಯವಿದ್ದರೆ ಗರ್ಭಗೃಹವನ್ನು ಯಾರೂ ಕೇಳುತ್ತಿಲ್ಲ. ಹೊರಗಿನ ಒಂದು ಕೋಣೆ, ವಾರಕ್ಕೆ ಎರಡು ಗಂಟೆ ಸಾಕು. ಬರುವವನು ಕುಡಿಯಲು ಬರುವುದಿಲ್ಲ, ಬಿಡಲು ಬರುತ್ತಾನೆ. ಆ ಕೂಟವು ಹೊರಗಿನವರ ದಾನವನ್ನು ಸ್ವೀಕರಿಸುವುದಿಲ್ಲ. ಆದ್ದರಿಂದ ಅಲ್ಪ ಬಾಡಿಗೆ ಪಡೆದು ರಸೀದಿ ಕೊಡಿರಿ. ದಾನಿಗಳ ಫಲಕ ಬೇಡ, ಛಾಯಾಚಿತ್ರ ಬೇಡ, ಬಂದವರ ಹೆಸರಿನ ಪಟ್ಟಿ ಬೇಡ. ಟ್ರಸ್ಟಿಗಳು ಇಣುಕುವುದಂತೂ ಬೇಡವೇ ಬೇಡ. ಜೈನರಷ್ಟೇ ಬರಲಿ ಎಂಬ ನಿಬಂಧನೆಯೂ ಸಲ್ಲದು. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಜೈನರೇ. ಅವರು 1982ರಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಗಳ ಮದ್ಯವರ್ಜನ ಶಿಬಿರಗಳು ಜಾತಿ ಕೇಳಿದವೇ? ಶಿಬಿರ ಮುಗಿಸಿದವರನ್ನು ಅಲ್ಲಿಗೇ ಬಿಡದೆ ನವಜೀವನ ಸಮಿತಿಗಳಲ್ಲಿ ಕೂಡಿಸಿದ್ದು ಗಮನಾರ್ಹ.

ಕಾನೂನೇ ಎಲ್ಲವನ್ನೂ ಮಾಡಲಿ ಎಂದು ಕುಳಿತವರು ನೆನೆಯಲಿ: 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. ಬಹಿಷ್ಕಾರವೂ ನಿಲ್ಲಿಸಲಿಲ್ಲ, ಪ್ರವಚನವೂ ನಿಲ್ಲಿಸಲಿಲ್ಲ. ಪಂಚಕಲ್ಯಾಣಕ್ಕೆ ಲಕ್ಷಗಳನ್ನು ಕೂಡಿಸಬಲ್ಲ ಸಮಾಜಕ್ಕೆ ಒಂದು ಕೋಣೆ ಭಾರವಲ್ಲ. ಮುಂದಿನ ಟ್ರಸ್ಟ್ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಮೊದಲನೆಯದಾಗಿ ಬರೆಯಿರಿ. ಬರೆಯಲಾಗದಿದ್ದರೆ ಪಾಠಶಾಲೆಯ ಮಕ್ಕಳಿಗೆ ಸಮ್ಯಗ್ದರ್ಶನದ ಅಂಗಗಳು ಎಂಟೆಂದು ಕಲಿಸುವುದನ್ನು ನಿಲ್ಲಿಸಿರಿ.