ಮನ್ಯಾಗಽ ಮಾಡಬಹುದಿತ್ತಲ್ಲಾ?

ಇಲ್ಲೆ ಅಮೇರಿಕಾದಾಗ ಮೆಡಿಟರೇನಿಯನ್ ಹೋಟೆಲಿಗೆ ಹೋದಾಗೊಮ್ಮೆ ನಮ್ಮ ಗಂಡಸರ ಬಾಯಾಗ ಒಂದು ಮಾತು ಬಂದಽ ಬರ್ತದ: "ಫಲಾಫೆಲ್ ಅಂದ್ರ ನಮ್ಮ ವಡಾನಽ ಅಲ್ಲೇನು? ಮನ್ಯಾಗಽ ಮಾಡಬಹುದಿತ್ತಲ್ಲಾ!"

ವಡಾದ ತಂಗಿ ಅನ್ನೋದು ಖರೇ. ಕಾಬೂಲಿ ಕಡ್ಲಿ ರಾತ್ರಿ ನೆನಿ ಹಾಕಬೇಕು. ಕುದಿಸಬಾರದು, ಕುದಿಸಿದ್ರ ಎಣ್ಣ್ಯಾಗ ಒಡೀತದ. ಬೆಳ್ಳುಳ್ಳಿ, ಉಳ್ಳಾಗಡ್ಡಿ, ಕೊತಂಬರಿ, ಪಾರ್ಸ್ಲಿ, ಜೀರಿಗಿ ಹಾಕಿ ತರಿತರಿ ರುಬ್ಬಿ ಕರೀಬೇಕು. ಈಜಿಪ್ಟಿನವರು ಕಡ್ಲಿ ಬದ್ಲಿ ಫಾವಾ ಬೀನ್ಸ್ ಹಾಕ್ತಾರ. ಜೋಡಿಗೆ ಹಮ್ಮಸ್, ಎಳ್ಳಿನ ತಹಿನಿ, ಬಿಸಿ ಪೀಟಾ. ಎಲ್ಲಾ ಮನ್ಯಾಗ ಆಗ್ತದ. ಆದ್ರ ಮಾಡೋರು ಯಾರು?

"ಮಾಡಬಹುದಿತ್ತು" ಅನ್ನೋ ಮಾತಿನಾಗ ಮಾಡೋರ ಹೆಸರಽ ಇರಂಗಿಲ್ಲ ನೋಡ್ರಿ. ನೆನಿ ಹಾಕೋಕಿ, ರುಬ್ಬೋಕಿ, ಒಲಿ ಮುಂದ ನಿಂತು ಕರಿಯೋಕಿ, ಎಲ್ಲಾರದೂ ಆದಮ್ಯಾಲೆ ಆರಿದ್ದು ಎರಡು ತಿನ್ನೋಕಿ, ಎಲ್ಲಾ ಒಬ್ಬಾಕಿನಽ. ಬಾಜೂ ಟೇಬಲ್ಲಿನಾಗ ಗ್ರೀಕರ ಗೀರೋಸ್ ತಿನ್ನೋರಿಗೆ ಯಾರೂ ಹಂಗ ಅನ್ನಂಗಿಲ್ಲ. ಯಾಕಂದ್ರ ಆ ಗರಗರ ತಿರುಗೋ ಮಾಂಸದ ಕಂಬ ಯಾರ ಮನ್ಯಾಗೂ ಇರಂಗಿಲ್ಲ. ನಮ್ಮ ಕೈಲೆ ಆಗೋ ಅಡಿಗಿಗೆ ಮಾತ್ರ ರೊಕ್ಕ ಕೊಡಬಾರದು, ಹೌದಲ್ಲೋ? ನಮ್ಮ ಕೈಗೆ ಪಗಾರ ಇಲ್ಲಲ್ಲಾ!

ನಾವು ರೊಕ್ಕ ಕೊಡೋದು ಬರೇ ಕಡ್ಲಿಗಲ್ಲ. ಕೂತಲ್ಲೆ ಬರೋ ಬಿಸಿ ತಾಟಿಗೆ, ಮ್ಯಾಲೆ ತೊಳೀಲಾರದ ಬಾಣಲಿಗೆ.

ವೈನಿ, ಮೌಶಿ, ಬಾಜೂಮನಿ ಅಕ್ಕಾರ, ಇನ್ನೊಮ್ಮೆ ಯಾರರೆ ಹಂಗಂದ್ರ ಜಗಳಾ ಮಾಡಬ್ಯಾಡ್ರಿ. "ಹೌದು, ಮಾಡ್ರಿ. ಕಡ್ಲಿ ಡಬ್ಬಿ ಮ್ಯಾಲಿನ ಫಳಿ ಮ್ಯಾಲೆ ಅದ, ಇವತ್ತ ರಾತ್ರಿನಽ ನೆನಿ ಹಾಕ್ರಿ" ಅಂತ ಅನ್ರಿ.