ಶಾಲು ಬ್ಯಾಡ್ರಪ್ಪಾ, ಪೇಮೆಂಟ್ ಕೊಡ್ರಿ (ಭಾಗ 3)

ಫೋಟೋದಲ್ಲಿ ಸ್ಟೇಜ್, ಲೈಟ್, ಗಿಟಾರ್ ನೋಡಿ ಹಾರ್ಟ್ ಒತ್ತಿದ್ರಿ. ಥ್ಯಾಂಕ್ಸ್. ಫೋಟೋದಲ್ಲಿ ಇಲ್ಲದ್ದನ್ನ ಈಗ ಓದ್ರಿ.

ಹರಿಹರದಲ್ಲಿ ಸಂಜೆ 6ಕ್ಕೆ ಪ್ರೋಗ್ರಾಂ. ಮಧ್ಯಾಹ್ನ 2ಕ್ಕೇ ನಿಟ್ಟುವಳ್ಳಿ ಬಿಟ್ಟೆ. ಬ್ಯಾಂಡ್ ಇಲ್ಲ; ಗಿಟಾರ್ ಹೊರೋದೂ ನಾನೇ, ಕೇಬಲ್ ಸುತ್ತೋದೂ ನಾನೇ, ಹಾಡೋದೂ ನಾನೇ. ಭಾಷಣ ಮುಗಿದು ನನ್ನ ಸರದಿ ಬಂದಾಗ ರಾತ್ರಿ 9. ಕೊನೆಗೆ ಕೈಗೆ ಬಂದಿದ್ದು ಒಂದು ಶಾಲು, ಒಂದು ಹಾರ. "ಒಳ್ಳೆ ಪ್ರಚಾರ ಸಿಕ್ತಲ್ಲ!" ಅಂದ್ರು.

ಶಾಮಿಯಾನದವರಿಗೆ ದುಡ್ಡು ಕೊಟ್ರು. ಸೌಂಡ್‌ನವರಿಗೆ ಕೊಟ್ರು. ಅಡುಗೆಯವರಿಗೂ ಕೊಟ್ರು. ಅವರಿಗ್ಯಾಕೆ ಪ್ರಚಾರ ಕೊಡ್ಲಿಲ್ಲ? ಶಾಲು ತೋರಿಸಿದ್ರೆ ಕಂಡಕ್ಟರ್ ಟಿಕೆಟ್ ಕೊಡ್ತಾರಾ?

"ಕಲೆ ಅಂದ್ರೆ ಸೇವೆ" ಅಂತೀರಿ. ಸರಿ. ಗದುಗಿನ ಪುಟ್ಟರಾಜ ಗವಾಯಿಗಳಿಗಿಂತ (1914–2010) ದೊಡ್ಡ ಸೇವೆ ಯಾರದ್ರಿ? ತಮಗೇ ಕಣ್ಣಿಲ್ಲ, ಆದರೂ ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಆ ಸೇವೆಗೂ ಹಣ ಬೇಕಿತ್ತು; ನಾಟಕ ಕಂಪನಿ ಕಟ್ಟಿ ದುಡಿದರು. ಆ ಮಕ್ಕಳು ಕಲಿತ ವಿದ್ಯೆಯಿಂದಲೇ ಸ್ವಂತ ಕಾಲ ಮೇಲೆ ನಿಂತರು. ಸೇವೆ ಅಂದ್ರೆ ಪುಕ್ಕಟೆ ಅಂತ ಅವರು ಕಲಿಸಲಿಲ್ಲ.

ತಪ್ಪು ನಂದೂ ಇದೆ. ಕೇಳೋಕೆ ನಾಚಿಕೆ ಪಟ್ಟೆ. ನಾನು ಪುಕ್ಕಟೆ ಹಾಡಿದ್ರೆ ನನ್ನ ಹಿಂದೆ ಬರೋ ಹುಡುಗಿಗೂ ಅದೇ ರೇಟ್ ಆಗುತ್ತೆ.

ಕಾಲೇಜ್ ಡೇಗೆ ಕರೀತೀರಲ್ಲ ಗೆಳೆಯರೇ, ಡೇಟ್ ಜೊತೆಗೇ ಮೊತ್ತ ಹೇಳ್ರಿ. ಕಮ್ಮಿ ಇದ್ರೂ ಪರವಾಗಿಲ್ಲ, ಮೊದಲೇ ಹೇಳ್ರಿ. ಬಸ್ ಚಾರ್ಜ್ ಬೇರೆ.

ಶಾಲು ಬೀರು ತುಂಬಾ ಇವೆ.

#ನಿಟ್ಟುವಳ್ಳಿ #ದಾವಣಗೆರೆ #ಹಾಡಿಗೂಕೂಲಿಇದೆ